ನಿಮ್ಮ ತಂಪುನಾಡಿನ ಬಳ್ಳಿ

ಶಹಾಬಾದ, ೧೯೩೭ರ ಬೇಸಿಗೆ

ಅಲ್ರೀ, ತೀರಿಕೊಂಡ ಮೇಲೂ ನನ್ನನ್ನು ಕಾಡುವುದು ಬಿಡಲಿಲ್ಲವಲ್ಲ ನೀವು! ತಂಪುನಾಡಿನಿಂದ ತಂದು ಹಿತ್ತಲಲ್ಲಿ ನೆಟ್ಟ ನಿಮ್ಮ ಬಿಳಿದ್ರಾಕ್ಷಿ ಈ ವರ್ಷ ಮೊದಲ ಸಲ ಹಣ್ಣಾಗಿದೆ. ಓಣಿಯ ಬಳ್ಳಿಗಳೆಲ್ಲ ಬೂದಿರೋಗಕ್ಕೆ ಹಾಳಾದರೂ ಇದರ ಒಂದೆಲೆಗೂ ರೋಗ ತಾಗಲಿಲ್ಲ. ಅಷ್ಟರಮಟ್ಟಿಗೆ ನೀವೇ ಗೆದ್ದಿರಿ, ಒಪ್ಪಿದೆ.

ಯಾರೂ ರುಚಿ ನೋಡದೆ ಇಂದು ಮೊದಲ ಗೊಂಚಲನ್ನು ಪ್ರಾಣದೇವರಿಗೆ ನೈವೇದ್ಯ ಮಾಡಿದೆವು. ಆಮೇಲೆ ಬಾಯಿಗೆ ಹಾಕಿಕೊಂಡರೆ ದಪ್ಪ ಸಿಪ್ಪೆ, ಬರೀ ಬೀಜ, ಹುಣಸೆಯಂಥ ಹುಳಿ! ಪ್ರಸಾದವನ್ನು ಉಗುಳುವಂತೆಯೂ ಇಲ್ಲ. ಮನೆಮಂದಿಯೆಲ್ಲ ಕಣ್ಣು ಮುಚ್ಚಿ ನುಂಗಿದೆವು.

"ಇದು ತಿನ್ನೂದಲ್ರಿ ವೈನಿ, ಸಾಹೇಬರು ಶರಾಬು ಮಾಡೂ ದ್ರಾಕ್ಷಿ. ಅಣ್ಣಗ ಗೊತ್ತಿತ್ತು," ಎಂದ ನಿಮ್ಮ ತಮ್ಮ ಜಯತೀರ್ಥ.

"ಮತ್ತ ಮೊದಲ ಯಾಕ ಹೇಳಲಿಲ್ಲೋ?"

"ರೋಗ ಬರಲಾರದ ಬಳ್ಳಿ ಬೆಳಸಿ ತೋರಸ್ತೀನಿ, ವೈನಿಗಿ ಹೇಳಬ್ಯಾಡ ಅಂದಿದ್ದನ್ರಿ."

ಗೊತ್ತಿದ್ದೂ ಮಡಿವಂತರ ಮನೆಯಲ್ಲಿ ನೆಟ್ಟಿರಾ? ಈ ಬಳ್ಳಿಗೆ ತಂಪಾಗಲೆಂದು ಸುತ್ತ ಗೋಣಿತಟ್ಟು ಕಟ್ಟಿ, ದಿನಾ ನೀರು ಚಿಮುಕಿಸಿ ನನ್ನ ಕೈಗಳು ಸೋತಿವೆ. ಮನುಷ್ಯರಿಗಿಲ್ಲದ ತಂಪು ಇದಕ್ಕೆ!

ಕಡಿದೇಬಿಡುತ್ತೇನೆಂದು ಕುಡುಗೋಲು ಹಿಡಿದು ಹೋದೆ. ಬಿಸಿಲಿಗೆ ತಟ್ಟು ಒಣಗಿತ್ತು. ಮೊದಲು ಅದನ್ನು ನೆನೆಸಿದೆ. ಕಡಿಯುವುದು ನಾಳೆ ಎಂದುಕೊಂಡೆ.

ನೀವು ಹೋದಾಗಿನಿಂದ ದಿನಾ ಹಾಗೇ ಅಂದುಕೊಳ್ಳುತ್ತೇನೆ.