ಏಳನೇ ನಂಬರಿನ ಎಡಗೈ

ಮಾರ್ಚ್ ೯, ಭಾನುವಾರ

ನನ್ನ ಮುದ್ದು ಮಿಡತೆಗೆ,

ಅಮ್ಮನ ನೂರು ಮುತ್ತುಗಳು. ನೀನು ಬರೆದಿದ್ದೀಯ, ಶಾಲೆಯಲ್ಲಿ ಆಟ ಕಲಿಸುವ ಟೀಚರ್ ಆಗಿದ್ದೀನಿ, ಇನ್ನಾದರೂ ಮಿಡತೆ ಅನ್ನಬೇಡ ಅಂತ. ಅನ್ನದೆ ಇರಲಾರೆ, ಬೈದುಕೋ.

ನಿನ್ನ ಪತ್ರ ಓದಿ ನಗು ಬಂತು. ಮೂವತ್ತು ವರ್ಷದ ಹಿಂದೆ ನಾನು ಚಿತ್ರ ಬರೆದುಕೊಟ್ಟ ಚೆಂಡಾಟದ ವಿಡಿಯೋ ಗೇಮನ್ನು ಕಂಪನಿ ಮತ್ತೆ ಹೊರತರುತ್ತಿದೆ ಎಂದು ತಿಳಿದದ್ದೇ ತಡ, ತೋಳೇರಿಸಿಕೊಂಡು ಜಗಳಕ್ಕೆ ನಿಂತಿದ್ದೀಯ. ಆಟದ ಕೊನೆಯಲ್ಲಿ ಅದನ್ನು ಮಾಡಿದವರೆಲ್ಲರ ಮುಖ, ಹೆಸರು ಬರುತ್ತೆ, ನಮ್ಮಮ್ಮಂದು ಮಾತ್ರ ಯಾಕಿಲ್ಲ, ಈ ಸಲ ಹಾಕಿಸದೆ ಬಿಡಲ್ಲ ಅಂತ. ಕಂಪನಿಯವರೇ ಮೊನ್ನೆ ಬರೆದಿದ್ದಾರೆ ಕಣೇ. ನನ್ನ ಹೆಸರು ಹಾಕುತ್ತಾರಂತೆ. ಜೊತೆಗೆ ಆಟದಲ್ಲಿರುವ ಒಂದು ತಪ್ಪನ್ನೂ ತಿದ್ದುತ್ತಾರಂತೆ: ಏಳನೇ ನಂಬರಿನ ಹುಡುಗಿ ಬೇರೆಯವರ ಹಾಗೆ ತಿರುಗುವುದಿಲ್ಲವಂತೆ.

ಅದು ತಪ್ಪಲ್ಲ. ಅದನ್ನು ಹೇಳಲೆಂದೇ ಕೂತು ಬರೆಯುತ್ತಿದ್ದೇನೆ.

ಆಗಿನ ಗೇಮ್ ಕ್ಯಾಸೆಟ್ಟಿನಲ್ಲಿ ಚಿತ್ರಗಳಿಗೆ ಸಿಗುತ್ತಿದ್ದದ್ದು ಅಂಗೈಯಗಲ ಜಾಗ. ಆಟಗಾರ ಬಲಕ್ಕೆ ನೋಡುವ ಚಿತ್ರವನ್ನಷ್ಟೇ ಬರೆಯುತ್ತಿದ್ದೆವು. ಅವನು ಎಡಕ್ಕೆ ತಿರುಗಿದಾಗ ಅದನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿ ತೋರಿಸುತ್ತಿದ್ದೆವು. ಹೀಗಾಗಿ ಬಲಗೈಯಲ್ಲಿ ಎಸೆಯುವವನು ತಿರುಗಿದೊಡನೆ ಎಡಗೈಯವನಾಗುತ್ತಿದ್ದ. ಆಡುವವರು ಯಾರೂ ಗಮನಿಸುತ್ತಿರಲಿಲ್ಲ. ಏಳನೇ ನಂಬರಿನವಳು ಮಾತ್ರ ಯಾವ ಕಡೆ ತಿರುಗಿದರೂ ಎಡಗೈಯಲ್ಲೇ ಎಸೆಯುತ್ತಾಳೆ. ಅವಳಿಗಾಗಿ ಮೂರು ಚಿತ್ರ ಹೆಚ್ಚಿಗೆ ಬರೆದೆ.

ಅವಳು ಯಾರು ಅಂತ ಇಷ್ಟು ಹೊತ್ತಿಗೆ ನಿನಗೆ ಹೊಳೆದಿರಬೇಕು.

ನಮ್ಮ ಆಫೀಸಿನ ಮೂರನೇ ಮಹಡಿಯ ಕಿಟಕಿಯಿಂದ ನೀನು ಆಗ ಓದುತ್ತಿದ್ದ ಶಾಲೆಯ ಅಂಗಳ ಕಾಣುತ್ತಿತ್ತು. ಊಟದ ಬಿಡುವಿನಲ್ಲಿ ನೀವು ಎರಡು ಗುಂಪಾಗಿ ಚೆಂಡು ಎಸೆದಾಡುವುದನ್ನು ನೋಡಿಯೇ ಆ ಗೇಮ್ ಹುಟ್ಟಿದ್ದು. ಚೆಂಡು ತಗುಲಿದವರು ಔಟ್. ಗುಂಪು ಆರಿಸುವಾಗ ನಿನ್ನನ್ನು ಕಟ್ಟಕಡೆಗೆ ಕರೆಯುತ್ತಿದ್ದರು. ಇವಳ ಎಡಗೈ ಎಸೆತ ಎಲ್ಲಿಗೆ ಹೋಗುತ್ತೋ ದೇವರಿಗೇ ಗೊತ್ತು ಅಂತ ನಿಮ್ಮ ಡ್ರಿಲ್ ಮಾಸ್ತರು ಎಲ್ಲರೆದುರು ಆಡಿಕೊಂಡರಂತೆ. ನೀನು ಅತ್ತುಕೊಂಡು ಬಂದೆ. ನಾನೇನು ಮಾಡಿದೆ? ಹಾಗಾದರೆ ಬಲಗೈಯಲ್ಲಿ ಎಸಿ ಅಂದೆ. ಪೆನ್ಸಿಲ್ಲನ್ನು ಎಡಗೈಯಿಂದ ಕಿತ್ತು ಬಲಗೈಗೆ ತುರುಕುತ್ತಿದ್ದವಳೂ ನಾನೇ. ನೀನು ಮರೆತಿರಬಹುದು, ನನಗೆ ಮರೆಯಲಾಗಿಲ್ಲ.

ಒಂದು ಮಧ್ಯಾಹ್ನ ಚಹಾ ಹಿಡಿದು ಕಿಟಕಿಯ ಬಳಿ ನಿಂತಿದ್ದೆ. ನಿನ್ನ ಕಡೆಯವರೆಲ್ಲ ಔಟಾಗಿ ನೀನೊಬ್ಬಳೇ ಉಳಿದಿದ್ದೆ, ಎದುರಿಗೆ ನಾಲ್ವರು. ಬಗ್ಗಿದೆ, ಹಾರಿದೆ, ಬಂದ ಚೆಂಡನ್ನು ಹಿಡಿದೆ, ಅದೇ ಎಡಗೈಯಲ್ಲಿ ಒಬ್ಬೊಬ್ಬರನ್ನಾಗಿ ನಾಲ್ವರನ್ನೂ ಔಟ್ ಮಾಡಿದೆ. ಅವಳು ನನ್ನ ಮಗಳು ಕಣ್ರೋ ಅಂತ ನಾನು ಕಿರುಚಿಬಿಟ್ಟೆ. ಪಕ್ಕದ ಮೇಜಿನ ಕಾಗದಗಳಿಗೆಲ್ಲ ಚಹಾದ ಸ್ನಾನ. ಸಂಜೆಯೊಳಗೆ ಏಳನೇ ನಂಬರಿನ ಹುಡುಗಿಯನ್ನು ಬರೆದು ಮುಗಿಸಿದೆ. ಮನೆಗೆ ಬಂದು ಪೆನ್ಸಿಲ್ಲನ್ನು ನಿನ್ನ ಎಡಗೈಗೇ ಕೊಟ್ಟೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ತಪ್ಪಾಯಿತು ಮಗಳೇ.

ನೀನೀಗ ಕಲಿಸುವ ಶಾಲೆಯ ಹೆಡ್‌ಮಿಸ್ ಮೊನ್ನೆ ಅಂಗಡಿಯಲ್ಲಿ ಸಿಕ್ಕಿದ್ದರು. ಯಾರೂ ಕರೆಯದೆ ಕೊನೆಗೆ ಉಳಿಯುವ ಮಕ್ಕಳಿಗೇ ನೀನು ಗುಂಪು ಆರಿಸಲು ಹೇಳುತ್ತೀಯಂತೆ. ಕೇಳಿ ಹಿರಿಹಿರಿ ಹಿಗ್ಗಿದೆ. ಕೊಳ್ಳಲು ಹೋಗಿದ್ದ ಸೋಪನ್ನು ಮರೆತು ಬರಿಗೈಯಲ್ಲಿ ಮನೆಗೆ ಬಂದೆ.

ಕಂಪನಿಗೆ ಇವತ್ತೇ ಉತ್ತರ ಬರೆದೆ. ಅವಳ ಕೈ ಮುಟ್ಟಬೇಡಿ, ಅವಳನ್ನು ತಿದ್ದುವುದಾದರೆ ನನ್ನ ಹೆಸರೂ ಬೇಡ ಅಂತ. ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಹಳೆಯ ಕ್ಯಾಸೆಟ್ ನಮ್ಮ ಕಪಾಟಿನಲ್ಲಿದೆ, ಬಾ, ಇಬ್ಬರೂ ಆಡೋಣ.

ನಿನ್ನಿಂದಾಗಿ ಜಂಬ ಹತ್ತಿರುವ,
ಅಮ್ಮ

ಮರೆತಿದ್ದೆ: ನನ್ನ ಹೆಸರು ಬಿಟ್ಟರೆಂದು ಇಷ್ಟು ವರ್ಷದಿಂದ ನಮ್ಮ ಹಳೆಯ ಬಾಸಿಗೆ ಹಿಡಿಶಾಪ ಹಾಕುತ್ತಿದ್ದೀಯಲ್ಲ, ಇನ್ನು ಸಾಕು ಮಾಡು. ಪಾಪ, ಎದುರು ಸಿಕ್ಕರೆ ನಮಸ್ಕಾರ ಹೇಳು. ಆ ಮೂರು ಚಿತ್ರಕ್ಕೆ ಜಾಗ ಇಲ್ಲಮ್ಮ, ಬೇರೇನಾದರೂ ತೆಗೆದರೆ ಹಾಕ್ಕೋ ಅಂದಿದ್ದರು ಅವರು. ಆಟದ ಕೊನೆಯಲ್ಲಿ ಬರಬೇಕಿದ್ದ ನನ್ನ ಮುಖವನ್ನೂ ಹೆಸರನ್ನೂ ನಾನೇ ಅಳಿಸಿದೆ. ಆ ಜಾಗ ನಿನ್ನ ಎಡಗೈಗೆ ಸರಿಹೋಯಿತು.