ಏನೂ ಆಗ್ಲಿಲ್ಲ

ರೋಣ,
ಮಂಗಳವಾರ, ತಾ. ೨೦-೧೧-೧೯೫೧

ಪ್ರೀತಿಯ ಅಣ್ಣಾಗ ಸಾವಿತ್ರಿಯ ನಮಸ್ಕಾರ.

ನಿನ್ನ ಕೆಮ್ಮ ಹ್ಯಾಂಗದ? ಮುಂಬಯಿ ಹವಾ ನಿನಗ ಒಗ್ಗೂದಿಲ್ಲಂತ ಅವ್ವ ದಿನಾ ಸಂಜಿಮುಂದ ದೀಪಾ ಹಚ್ಚಿ ಇದೊಂದ ಮಾತ ಆಡತಾಳ. ವೈನಿ ಕಡೆ ಮೆಣಸಿನ ಕಷಾಯ ಮಾಡಿಸಿಕೊಂಡ ಕುಡಿ, ಆಫೀಸಿನ ಚಹಾನ ಔಷಧ ಅಂತ ತಿಳೀಬ್ಯಾಡ. ಇಲ್ಲೆ ಎಲ್ಲಾರೂ ಆರಾಮ. ಅಜ್ಜಿ ಕಿವಿ ಇನ್ನಷ್ಟು ಮಂದ ಆಗ್ಯಾವ, ಬಾಯಿ ಮಾತ್ರ ಮೊದಲಿನಂಗ ಚುರುಕ ಅದ. ಶೇಂಗಾ ಬಂದಾವ, ಮಾಳಗಿ ತುಂಬ ಹರವೇವಿ. ನನ್ನ ಬೆರಳ ಸುಲಿಸುಲಿದು ಸವದ ಹೋಗ್ಯಾವ.

ಅಪ್ಪಾ ಬರೆದ ಪತ್ರ ನಿನಗ ಮುಟ್ಟಿರಬೇಕು. ನಿನ್ನ ಕಾಲೇಜ ಗೆಳೆಯಾ, ಗಜೇಂದ್ರಗಡದ ನರಸಿಂಹ, ಹ್ವಾದ ವಾರ ನನ್ನ ನೋಡಿ ಒಪ್ಪಿ ಹೋದ. ಅದರ ಮರುದಿನ ನರಗುಂದದವರೂ ಬಂದಿದ್ದರು, ನಮ್ಮೂರ ದವಾಖಾನಿಯೊಳಗ ಕಂಪೌಂಡರ್ ಇದ್ದಾರಲ್ಲ, ಅವರು. ಕುಂಡಲಿ ಎರಡೂ ಕಡೆ ಕೂಡ್ಯಾವ. "ನರಗುಂದದ ಹುಡುಗ ಚಲೋ ಇದ್ದಾನ, ಆದರ ಭಾಳ ಸಪ್ಪ" ಅಂತಾರ ಅಪ್ಪಾ. ನೀ ನರಸಿಂಹಗ ಹೂಂ ಅಂತೀ ಅನ್ನೂ ಧೈರ್ಯದ ಮ್ಯಾಲ ಕೂತಾರ. ಅದನ್ನ ನೀವ ಹಿರೇರು ನೋಡ್ಕೋರಿ, ನಾ ಕ್ರಿಕೆಟ್ ಸುದ್ದಿ ಬರೀತೀನಿ. ಈ ಹುಚ್ಚ ನನಗ ಹಿಡಿಸಿದಾಂವ ನೀನ; ಹಿತ್ತಲದಾಗ ನೀ ಹೊಡದ ಚಂಡ ತರಲಿಕ್ಕೆ ಓಡಿ ಓಡಿ ಸಾಯತಿದ್ದಾಕಿ ನಾನ.

ದಿಲ್ಲಿ ಮ್ಯಾಚಿನ ಕಡೀ ದಿನ ಇಡೀ ಓಣಿ ರಾಘಣ್ಣ ಕಾಕಾನ ಕಟ್ಟಿ ಮ್ಯಾಲ ಕೂತಿತ್ತು. ಪೋಸ್ಟಿನ ನೌಕರಿ ಮುಗಿದ ಮ್ಯಾಲೆ ಕಾಕಾಗ ಆ ಬ್ಯಾಟರಿ ರೇಡಿಯೋನ ಸಂಸಾರ. ಅದು ಇಂಗ್ಲಿಷಿನ್ಯಾಗ ಹೇಳಿದ್ದನ್ನ ಕಾಕಾ ಕನ್ನಡದಾಗ ಕೂಗತಾರ, ನಾವ ಹೆಂಗಸರು ಒಳಗ ಬಾಗಲದ ಹಿಂದ ಕೂತ ಕೇಳತೇವಿ. ಮರ್ಚಂಟ, ಹಜಾರೆ ಶತಕ ಹೊಡದಾಗ ಕಾಕಾನ ದನಿ ಬಸ್ ಸ್ಟ್ಯಾಂಡಿನ ತನಕ ಹೋಗಿತ್ತು. ನಾವ ಗೆಲ್ಲೂದ ಖರೇ ಅಂತ ಎಲ್ಲಾರೂ ಅನ್ನೂದರಾಗ ಇಂಗ್ಲೆಂಡಿನ ವಾಟ್ಕಿನ್ಸ್ ಅನ್ನಾಂವ ಒಬ್ಬ ಬಂದು ಬೇರ ಬಿಟ್ಟಂಗ ನಿಂತಬಿಟ್ಟ. ಹೊಡೀಲಿಲ್ಲ, ಔಟ್ ಆಗ್ಲಿಲ್ಲ. ಕಾಕಾ ಮೊದಮೊದಲ "ತಡದ" ಅಂದರು, ಆಮ್ಯಾಲೆ "ಮತ್ತ ತಡದ" ಅಂದರು, ಕಡೀಕ ಬ್ಯಾಸತ್ತು ಪ್ರತಿ ಚಂಡಿಗೂ "ಏನೂ ಆಗ್ಲಿಲ್ಲ, ಏನೂ ಆಗ್ಲಿಲ್ಲ" ಅಂತ ಜಪಾ ಮಾಡಲಿಕ್ಕೆ ಹತ್ತಿದರು. ಚಹಾದ ಹೊತ್ತಿಗೆ "ಬ್ಯಾಟರಿ ಸುಮ್ಮನ ಸಾಯತದ, ಹ್ಯಾಂಗೂ ನಾವ ಗೆದ್ದಂಗ" ಅಂತ ರೇಡಿಯೋ ಬಂದ ಮಾಡಿ, ಪೇಢಾ ತರಿಸಿ ಓಣಿಗೆಲ್ಲಾ ಹಂಚಿದರು. ಮರುದಿನ ಹುಬ್ಬಳ್ಳಿ ಪೇಪರ್ ಬಂತು. ಮ್ಯಾಚ್ ಡ್ರಾ. ವಾಟ್ಕಿನ್ಸ್ ಹಂಗ ನಿಂತಾನ, ಯಾರೂ ಅಲುಗಾಡಿಸಿಲ್ಲ. ಕಾಕಾ ಎರಡ ದಿನ ಕಟ್ಟಿಗೆ ಬರಲಿಲ್ಲ.

ಊರೆಲ್ಲಾ ಆ ವಾಟ್ಕಿನ್ಸ್‌ಗ ಬೈತು. ನಾ ಬೈಲಿಲ್ಲ, ಅಣ್ಣಾ. ನಮ್ಮವರು ಗೆಲ್ಲಲಿಲ್ಲಂತ ಹೊಟ್ಟಿ ಉರೀತು, ಆದರ ಅಂವ ನನ್ನ ಮನಸಿಗೆ ಭಾಳ ಸೇರಿದ. ಏನೂ ಆಗ್ಲಿಲ್ಲ ಅಂದರ ಏನು? ಕೆಡವಲಿಕ್ಕಂತನ ಒಂದ ಚಂಡ ಬಂತು, ಅದನ್ನ ಒಬ್ಬಾಂವ ಕೆಡವಗೊಡಲಿಲ್ಲ. ಅವ್ವ ದಿನಾ ಹಾಲು ಉಕ್ಕದಂಗ ಕಾಸತಾಳ, ಅದಕ್ಕ ಯಾರರ ಚಪ್ಪಾಳಿ ಹೊಡದಾರೇನು? ಉಕ್ಕಿದ ದಿನ ಮಾತ್ರ ಮನೀ ಮಂದಿ ಎಲ್ಲಾ ಓಡಿ ಬರತೇವಿ. ನೀನೂ ಆ ಉಕ್ಕೂ ಹಾಲಿನಂಗ ಇದ್ದಿ, ಸಿಟ್ಟ ಮಾಡಬ್ಯಾಡ. ನೀ ನಾಕ ಹೊಡತ ಚಂದ ಹೊಡದು ಔಟ್ ಆಗಿ ಬರತಿದ್ದಿ, ನಾವ ಅದನ್ನ ತಿಂಗಳಗಟ್ಟಲೆ ಹೇಳಿಕೋತ ಕೂಡತಿದ್ದಿವಿ. ಮ್ಯಾಚ್ ಯಾರ ಉಳಿಸಿದರು ಅಂತ ಒಬ್ಬರೂ ಕೇಳತಿರಲಿಲ್ಲ.

ನೋಡಲಿಕ್ಕೆ ಬಂದ ದಿನದ್ದೂ ಹೇಳಬೇಕು. ನರಸಿಂಹ ಬಂದಾಂವ ಉಪ್ಪಿಟ್ಟ ತಿನಕೋತ ತಾ ಹೊಡದ ಸಿಕ್ಸರಿನ ಪುರಾಣ ಹೇಳಿದ, ಅಪ್ಪಾ, ಕಾಕಾ ಬಿದ್ದ ಬಿದ್ದ ನಕ್ಕರು. ನಾನೂ ನಕ್ಕೆ, ಸುಳ್ಳ್ಯಾಕ ಹೇಳಲಿ. ಅಜ್ಜಿ "ಯಾವೂರಪಾ ನಿಂದು" ಅಂತ ಕೇಳಿದಳು, ಗಜೇಂದ್ರಗಡ ಅಂದ. ಎರಡನೇ ಸಲ ಕೇಳಿದಳು, ನಮ್ಮ ಕಡೆ ನೋಡಿ ನಕ್ಕ. ಮೂರನೇ ಸಲಕ್ಕ ಅಂವಗ ಅಜ್ಜಿ ಅಲ್ಲಿದ್ದದ್ದ ಮರತಿತ್ತು. ಮರುದಿನ ನರಗುಂದದವರು ಬಂದು ಕಂಬಕ್ಕ ಆತು ಗಪ್ಪ ಕೂತರು. ಅಜ್ಜಿ ಅದನ್ನ ಕೇಳಿದಳು. "ನರಗುಂದರಿ" ಅಂದರು. ಮತ್ತ ಕೇಳಿದಳು. ಎದ್ದ ಹೋಗಿ ಅಜ್ಜಿ ಬಾಜೂಕ ಕೂತು "ನರಗುಂದರಿ" ಅಂದರು. ಅಜ್ಜಿ ಅವತ್ತ ಅದನ್ನ ಎಷ್ಟ ಸಲ ಕೇಳಿದಳೋ ದೇವರಿಗೇ ಗೊತ್ತು. ಪ್ರತಿ ಸಲಾನೂ ಅದ ದನಿ, ಅದ ಮೆತ್ತಗಿನ ಮಾತು, ಹಲ್ಲ ಕಡೀಲಿಲ್ಲ, ದನಿ ಏರಸಲಿಲ್ಲ. ಅವರು ಹೋದ ಮ್ಯಾಲೆ ಏನಾತು ಅಂತ ಕಾಕಾ ಕೇಳಿದರ ಅಪ್ಪಾ, "ಏನೂ ಆಗ್ಲಿಲ್ಲ" ಅಂದರು.

ಮೊನ್ನೆ ಆದಿತ್ಯವಾರ ನಮ್ಮ ಹಿಂದಿನ ಬಯಲಾಗ ಗಜೇಂದ್ರಗಡದವರ ಕೂಡ ಮ್ಯಾಚ್ ಇತ್ತು. ನಾನೂ ಬಾಜೂ ಮನೀ ಬೀಬಿಜಾನೂ ಮಾಳಗಿ ಮ್ಯಾಲ ಶೇಂಗಾ ಸುಲಕೋತ ನೋಡಿದಿವಿ. ನರಸಿಂಹ ಹೊಡದದ್ದ ಒಂದ ಚಂಡ ನಮ್ಮ ಶೇಂಗಾದ ರಾಶ್ಯಾಗ ಬಂದ ಬಿತ್ತು, ಬೀಬಿಜಾನ "ಭಾಳ ಜೋರ ಅದಾನವಾ ನಿಮ್ಮಾಂವ" ಅಂತ ಚ್ಯಾಷ್ಟಿ ಮಾಡಿದಳು. ಮುಂದಿನ ಚಂಡಿಗೇ ಔಟ್ ಆದ. ನಮ್ಮವರ ಪಾಳಿ ಬಂದಾಗ ಒಬ್ಬರ ಹಿಂದ ಒಬ್ಬರು ಹೋದರು, ನರಗುಂದದವರೊಬ್ಬರ ಉಳದರು. ಪಿಚ್ಚಿನ ಮ್ಯಾಲ ಹಾಸಿದ ಚಾಪಿ ಅಂಚು ಎದ್ದಾಗೆಲ್ಲಾ ಬಗ್ಗಿ ಕಲ್ಲಿನಿಂದ ಮೊಳಿ ಬಡೀತಿದ್ದರು, ಎದ್ದ ನಿಂತ ಮತ್ತ ತಡೀತಿದ್ದರು. ಗಜೇಂದ್ರಗಡದವರು ಗೆದ್ದೇವಂತ ಹಲಗಿ ಬಾರಿಸಲಿಕ್ಕೇ ಹತ್ತಿದ್ದರು, ನರಸಿಂಹ "ಇನ್ನೇನದ" ಅಂತ ಬೇವಿನ ಗಿಡದ ಬುಡಕ್ಕ ಹೋಗಿ ಚಹಾ ಕುಡಕೋತ ಕೂತ. ಕತ್ತಲಾಗಿ ಚಂಡ ಕಾಣವಲ್ದಂತ ಅಂಪಾಯರ್ ಗ್ಯಾನಪ್ಪ ಕೈ ಎತ್ತಿ ಆಟಾ ನಿಲ್ಲಸೂ ತನಕ ನಮ್ಮವರು ಔಟ್ ಆಗ್ಲಿಲ್ಲ. ಹಲಗಿಯವರು ಹಲಗಿ ಬಗಲಾಗ ಇಟಗೊಂಡ ಹೋದರು. ಬಯಲಾಗ ಒಂದ ಪಿಳ್ಳೆ ಇರಲಿಲ್ಲ, ಅವರೊಬ್ಬರ ಚಾಪಿ ಸುತ್ತತಿದ್ದರು. ನನ್ನ ಕೈ ತಾವಾಗೇ ಚಪ್ಪಾಳಿ ಹೊಡದಬಿಟ್ಟವು. ಬೀಬಿಜಾನ ಗಾಬರಿ ಆಗಿ ಕೈ ಹಿಡಿದಳು. ಅವರು ತಲಿ ಎತ್ತಿ ನೋಡಿ, ಕಿವಿ ತನಕ ಕೆಂಪಾಗಿ, ಅರ್ಧಾ ಸುತ್ತಿದ ಚಾಪೀನ ಮತ್ತ ಬಿಚ್ಚಿದರು.

ಊರ ಸುದ್ದಿ ಇಷ್ಟ. ವೈನಿಗೆ ನೆನಪ ಹೇಳು, ಕೂಸಿನ ಗಲ್ಲಕ್ಕ ಒಂದ ಮುದ್ದು ಕೊಡು. ಅಪ್ಪಾ, ಅವ್ವ, ಅಜ್ಜಿ ಮೂವರ ಆಶೀರ್ವಾದಾನೂ ಇದರಾಗ ಕಟ್ಟಿ ಕಳಿಸೀನಿ.

ನಿನ್ನ ತಂಗಿ
ಸಾವಿತ್ರಿ

ತಾ.ಕ.: ಟಪಾಲ ಹೊಂಟದ, ಗಡಬಡಿಲೆ ಬರೀತೀನಿ. ಬರೋ ಸೋಮವಾರ ಗಜೇಂದ್ರಗಡದವರು ಮಾತ ಪಕ್ಕಾ ಮಾಡಲಿಕ್ಕೆ ಸಕ್ಕರಿ ತಗೊಂಡ ಬರತಾರಂತ. ಒಪ್ಪಿಗಿ ಏನು ಅಂತ ಅಪ್ಪಾ ಕೇಳಿದಾಗ ನಾ ಸುಮ್ಮನಿದ್ದೆ. ಸುಮ್ಮನಿದ್ದದ್ದಕ್ಕ ಹೂಂ ಅಂತ ತಿಳಕೊಂಡಾರ. ನಾ ಹೂಂ ಅಂದಿಲ್ಲ, ಅಣ್ಣಾ, ತಡೀಲಿಕ್ಕೆ ಹತ್ತೀನಿ. ಇನ್ನ ಒಬ್ಬಾಕಿ ಕಡೆ ಆಗೂದಿಲ್ಲ. ಶನಿವಾರದೊಳಗ ಅಪ್ಪಾಗ ತಾರ ಮಾಡು, ನಿನ್ನ ಮಾತ ಅವರು ಮೀರೂದಿಲ್ಲ. ಇಷ್ಟುದ್ದ ಪತ್ರದಾಗ ನರಗುಂದದವರ ಹೆಸರ ನಾ ಒಮ್ಮೆನೂ ಬರದಿಲ್ಲ, ನೋಡಿದೇನು? ಯಾಕಂತ ನಿನಗ ತಿಳೀದಿದ್ದರ ವೈನಿನ್ನ ಕೇಳು, ಅಕಿ ನಿನ್ನ ಹೆಸರ ಎಂದರ ಹಿಡದ ಕರದಾಳೇನು? ರಾಘಣ್ಣ ಕಾಕಾ ಆಗಲೇ ಪೇಢಾಕ್ಕ ಹೇಳಿ ಬಿಟ್ಟಾರ. ಬ್ಯಾಡ ಅನಬ್ಯಾಡ, ಪಾಪ, ಎರಡನೇ ಸಲ ಅವರ ಮಾರಿ ಸಣ್ಣ ಆಗಬಾರದು. ಪೇಢಾ ಬರಲಿ. ಸಕ್ಕರಿ ಅಷ್ಟ ನರಗುಂದದಿಂದ ಬರಲಿ.