ಹತ್ತು ನಿಮಿಷ ಸುಮ್ಮನಿರು

೬ ನವೆಂಬರ್, ಸೋಮವಾರ. ಬೆಳಿಗ್ಗೆ ೧೧

ಇವತ್ತೂ ಏಳು ಕಂಪ್ಲೇಂಟ್. ಎಲ್ಲಾ ಮಾನ್ವಿ ಕಡೆ ರೈಸ್ ಮಿಲ್‌ಗಳವು. ಎಲ್ಲಾರದೂ ಒಂದೇ ಮಾತು — ಮಿಷನ್ ಚೊಲೊ ಅದ, ನಿಮ್ಮ ಹೂಟರ್ ಸುಮ್ಮಸುಮ್ಮನೆ ಒದರತದ.

ಸರ್ವಿಸ್‌ನವರು ಹೋಗಿ ಬಂದು 'ನೋ ಫಾಲ್ಟ್' ಅಂತ ಬರೆದಾರ. ಏಳೂ ಕಡೆ ನೋ ಫಾಲ್ಟ್. ಹಂಗಾದ್ರ ಫಾಲ್ಟ್ ಯಾರದು?

ನಮ್ಮ ಮಿಷನ್ 'ಕಿವಿ-೩' ಮಾಡೋ ಕೆಲಸ ಇಷ್ಟೇ. ಬೇರಿಂಗ್ ಮೈಮೇಲೆ ಕೂತು ಅದು ಎಷ್ಟು ಅದುರತದ ಅಂತ ಅಳೆಯೋದು. ಅದುರಿನ ಅಂಕಿ ಏಳು ದಾಟಿದ್ರ ಕೂಗೋದು. ಬೇರಿಂಗ್ ಒಡೆದ ಮೇಲೆ ಕೂಗೋಕೆ ಯಾರಾದ್ರೂ ಸಾಕು. ಮೊದಲೇ ಕೂಗಲಿ ಅಂತಲ್ಲವೇ ನಾನು ಅರ್ಧ ಆಯುಷ್ಯ ಕೊಟ್ಟಿದ್ದು.

ಹಂಪಣ್ಣ ಸರ್ ಕ್ಯಾಬಿನ್‌ಗೆ ಕರೆದರು. ಕಂಪನಿ ಅವರದು, ಡಿಸೈನ್ ನಂದು — ಇಪ್ಪತ್ತಮೂರು ವರ್ಷದಿಂದ ಹಿಂಗೇ ನಡೆದದ.

"ಅಂಬಿಕಾ, ಮಿಲ್‌ನವರು ಫೋನ್ ಮಾಡಿ ಬೈಯಾಕತ್ತಾರ. ಸಿಮೆಂಟ್ ಕಂಪನಿ ಆರ್ಡರ್ ಕೈಗೆ ಬರೋ ಹೊತ್ತು. ಏನರ ಮಾಡು."

'ಏನರ' ಅಂದ್ರ ಏನು, ಅದನ್ನ ಹೇಳೋದಿಲ್ಲ.

೯ ನವೆಂಬರ್, ಗುರುವಾರ. ಸಂಜೆ

ನಾನೇ ಮಾನ್ವಿಗೆ ಹೋಗಿ ಬಂದೆ. ತಾಯಣ್ಣನವರ ರೈಸ್ ಮಿಲ್. ಒಳಗೆ ಹೊಟ್ಟಿನ ಧೂಳು, ಎದುರು ನಿಂತವರ ಮುಖ ಕಾಣಲ್ಲ. ನಮ್ಮ ಹೂಟರ್ ಮೇಲೆ ಗೋಣಿತಟ್ಟು ಸುತ್ತಿ ಸೆಣಬಿನ ದಾರ ಬಿಗಿದಿದ್ದರು.

"ಯಾರು ಮಾಡಿದ್ದಿದು?"

"ನಾನೇ ರೀ ಮೇಡಂ." ಮೆಕ್ಯಾನಿಕ್ ಪೀರಾ ಸಾಬ್. ಅರವತ್ತು ದಾಟಿರಬೇಕು. "ನಿಮ್ಮ ಮಿಷನ್‌ಗೆ ಜ್ವರ ಬಂದಿತ್ತು. ಹೊದಿಸೀನಿ."

ಸಿಟ್ಟು ಬಂತು. ತೋರಿಸಲಿಲ್ಲ. ಹೆಂಗೆ, ಯಾವಾಗ ಕೂಗತದ ಅಂತ ಕೇಳಿದೆ.

"ಕುಂದರ್ರಿ, ತೋರಿಸ್ತೀನಿ" ಅಂದ. ಅರ್ಧ ತಾಸು ಏನಿಲ್ಲ. ಆಮೇಲೆ ಪಕ್ಕದ ಅಕ್ಕಿ ಪಾಲಿಶರ್ ಚಾಲೂ ಮಾಡಿಸಿದ. ತಟ್ಟಿನೊಳಗಿಂದ ನಮ್ಮ ಹೂಟರ್ ನರಳಿತು. ಪಾಲಿಶರ್ ಬಂದ್. ಹೂಟರೂ ಬಂದ್.

"ಎರಡೂ ಒಂದೇ ಕಬ್ಬಿಣದ ಮ್ಯಾಲೆ ನಿಂತಾವ್ರಿ. ಅದು ಕುಣದ್ರ ಇದು ಅಳತದ. ತನ್ನ ಆವಾಜ್ ಯಾವುದು, ಪಕ್ಕದ ಮನಿ ಆವಾಜ್ ಯಾವುದು, ನಿಮ್ಮ ಮಿಷನ್‌ಗೆ ತಿಳಿಯಂಗಿಲ್ಲ."

ಲ್ಯಾಬಿನಲ್ಲಿ ನಾನು ಟೆಸ್ಟ್ ಮಾಡಿದ್ದು ಒಂಟಿ ಮೋಟರ್ ಇಟ್ಟು. ಕಾಂಕ್ರೀಟ್ ಕಟ್ಟೆ ಮೇಲೆ. ಪಕ್ಕದ ಮನೆ ಇರಲೇ ಇಲ್ಲ… ಕಿವಿ-೩ ಬಂದು ಇದು ಹೊಳೆಯೋಕೆ ನಾಲ್ಕು ವರ್ಷ ಬೇಕಾಯ್ತು ನನಗೆ. ಅವನಿಗೆ ಹದಿನೈದು ದಿನ.

ಬಸ್ಸಿನಲ್ಲಿ ಕಲ್ಲೂರು ದಾಟೋದರೊಳಗೆ ಉತ್ತರ ಸಿಕ್ಕಿತು. ಇನ್ನೊಂದು ಸಣ್ಣ ಸೆನ್ಸರ್. ಕಬ್ಬಿಣದ ಚೌಕಟ್ಟಿಗೆ. ಚೌಕಟ್ಟಿನ ಅದುರು ಎಷ್ಟೋ ಅಷ್ಟನ್ನು ಕಳೆದುಬಿಟ್ಟರೆ ಉಳಿದದ್ದು ಬೇರಿಂಗಿನದು. ಟಿಕೆಟ್ ಹಿಂದೆ ಚಿತ್ರ ಬರೆದೆ. ಬಹಳ ದಿನಕ್ಕೆ ಖುಷಿ ಆಯ್ತು.

೧೦ ನವೆಂಬರ್, ಶುಕ್ರವಾರ

ಎರಡನೇ ಸೆನ್ಸರ್ ಕೂಡಿಸೋಕೆ ಹಂಪಣ್ಣ ಸರ್ ಹತ್ರ ಮೂರು ತಿಂಗಳು ಕೇಳಿದೆ.

"ಮೂರು ತಿಂಗಳಾ? ಸಿಮೆಂಟ್‌ನವರು ಮುಂದಿನ ವಾರ ಬರಾಕತ್ತಾರ. ಕೂಗೋ ಮಿತಿ ಏರಿಸಿಬಿಡು. ಏಳು ಇದ್ದದ್ದು ಹನ್ನೊಂದು ಮಾಡು. ದಾಟಿದ ಕೂಡ್ಲೆ ಕೂಗೋದು ಬ್ಯಾಡ, ಹತ್ತು ನಿಮಿಷ ಕಾಯಲಿ. ಫೋನ್ ಸಿಮ್ ಅದಾವಲ್ಲ ಒಳಗ, ಎಲ್ಲಾ ಮಿಷನ್‌ಗೂ ಒಮ್ಮೆಗೆ ಕಳಿಸು."

ಬೇರಿಂಗ್ ಬಿಸಿಯಾದ ಮೇಲೆ ಹತ್ತು ನಿಮಿಷ ಅಂದ್ರ ಬಹಳ ಸರ್, ಅಂದೆ.

"ಹೂಟರ್‌ಗೆ ತಟ್ಟು ಕಟ್ಟಿಕೊಂಡು ಕುಂತಾರ. ಅದಕ್ಕಿಂತ ಇದು ಪಾಡಲ್ಲೇನು?"

ಅದೇ ತೊಂದರೆ ಅವರದು, ಮಾತು ಅರ್ಧ ಖರೇ ಇರತದ.

ಎರಡು ಸಾವಿರದ ಇಸವಿಯಲ್ಲಿ ಇವರೇ ನನ್ನನ್ನ ನಂಬಿದವರು. ಅದಕ್ಕೂ ಮೊದಲು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಟ್ರೇನಿ ಇದ್ದೆ, ಟರ್ಬೈನ್ ಹಾಲ್‌ನಲ್ಲಿ ಒಬ್ಬಳೇ ಹೆಣ್ಣುಮಗಳು. ಮಿಷನ್ ಕೆಡೋ ಮೊದಲು ಹೇಳತದ, ಕೇಳೋರಿಲ್ಲ ಅಂದ್ರ ನಗುತ್ತಿದ್ದರು. ಹಂಪಣ್ಣ ಸರ್ ನಗಲಿಲ್ಲ. ತಗಡಿನ ಶೆಡ್ಡು ಕೊಟ್ಟರು. ಮೊದಲನೇ 'ಕಿವಿ' ಕೂತದ್ದು ನನ್ನ ಟಿಫಿನ್ ಡಬ್ಬಿಯೊಳಗೆ. ಮೂರು ಪೇಟೆಂಟ್ ಆದವು, ವೈಸ್ ಪ್ರೆಸಿಡೆಂಟ್ ಆದೆ. ಈಗ ಒಂದು ಸೆನ್ಸರಿಗೆ ಕೈ ಮುಗಿಯಬೇಕು.

೨೦ ನವೆಂಬರ್, ಸೋಮವಾರ

ಮಿತಿ ಬದಲಿಸೋ ಹಾಳೆಗೆ ಸಹಿ ಹಾಕಿದೆ. 'ತಾತ್ಕಾಲಿಕ, ಮೂರು ತಿಂಗಳಿಗೆ ಮಾತ್ರ' ಅಂತ ಕೆಳಗೆ ಬರೆದೆ. ಯಾರು ಓದ್ತಾರ.

ಸಂಜೆ ೪ಕ್ಕೆ ಇನ್ನೂರ ಹದಿನಾಲ್ಕು ಮಿಷನ್‌ಗೆ ಹೋಯ್ತು. ೪:೨೦ಕ್ಕೆ ಎಲ್ಲಾ ಸುಮ್ಮನೆ.

೪ ಡಿಸೆಂಬರ್

ಕಂಪ್ಲೇಂಟ್ ಒಂದೂ ಇಲ್ಲ. ಸಿಮೆಂಟ್ ಆರ್ಡರ್ ಬಂತು. ಆಫೀಸಿನಲ್ಲಿ ಪೇಡೆ ಹಂಚಿದರು. ಎರಡನೇ ಸೆನ್ಸರ್ ಬಗ್ಗೆ ಕೇಳಿದೆ — "ಮಾಡೋಣಲ್ಲ."

೧೮ ಜನವರಿ, ಗುರುವಾರ. ಮಧ್ಯಾಹ್ನ ೩

ದೇವದುರ್ಗದಿಂದ ಫೋನ್. ಹತ್ತಿ ಜಿನ್ನಿಂಗ್ ಮಿಲ್. ಹತ್ತಿ ಎಳೆಯೋ ಫ್ಯಾನಿನ ಬೇರಿಂಗ್ ತಿರುಗದೆ ಬಿಗಿದು ಕೆಂಪಗಾಗಿ, ಹತ್ತಿಗೆ ಬೆಂಕಿ. ಕಸ ಹೊಡೆಯೋ ಹೆಣ್ಣುಮಗಳ ಕೈ ಸುಟ್ಟದ. ಆಪರೇಟರ್ ಎಳೆದು ಹೊರಗೆ ತಂದಾನಂತ, ಜೀವಕ್ಕೇನಿಲ್ಲ.

ನಮ್ಮ ಕಿವಿ-೩ ಇತ್ತು ಆ ಫ್ಯಾನಿಗೆ.

ಕೂಗಿತೇನ್ರಿ ಅಂತ ಕೇಳಿದೆ. ಇಲ್ಲಂತ.

೧೯ ಜನವರಿ, ಶುಕ್ರವಾರ

ದೇವದುರ್ಗ. ಮೊದಲು ಮಿಲ್. ಸೆನ್ಸರ್ ಕರಗಿ ಹೋಗಿತ್ತು, ವೈರ್ ಇಲ್ಲ. ಗೋಡೆ ಮೇಲಿನ ಪ್ಯಾನಲ್ ಉಳಿದಿತ್ತು. ಮೆಮೊರಿ ಲ್ಯಾಪ್‌ಟಾಪಿಗೆ ಇಳಿಸಿದೆ.

೧೦:೫೨ — ಏಳು ದಾಟಿತು.
೧೧:೩೧ — ಹನ್ನೊಂದು ದಾಟಿತು.
೧೧:೩೪ — ಸಿಗ್ನಲ್ ಇಲ್ಲ. ಬೆಂಕಿ.

೧೧:೪೧ಕ್ಕೆ ಕೂಗಬೇಕಿತ್ತು. ಹಳೆ ಮಿತಿ ಇದ್ದಿದ್ರ ೧೦:೫೨ಕ್ಕೇ ಕೂಗತಿತ್ತು. ನಲವತ್ತೆರಡು ನಿಮಿಷ ಮೊದಲು. ಫ್ಯಾನ್ ಬಂದ್ ಮಾಡಿ, ಚಹಾ ಕುಡಿದು, ಬೇರಿಂಗ್ ಬಿಚ್ಚಿ ನೋಡಬಹುದಿತ್ತು.

ಆಮೇಲೆ ದವಾಖಾನಿ. ಹುಲಗೆಮ್ಮ. ನನ್ನ ವಯಸ್ಸಿನವಳೇ. ಎಡಗೈ ಮೊಣಕೈತನಕ ಪಟ್ಟಿ. ಆಪರೇಟರ್ ನಯೀಮ್ ಬಾಗಿಲಲ್ಲಿ ನಿಂತಿದ್ದ, ಹುಬ್ಬು ಸುಟ್ಟಿತ್ತು. ನಾನು ಯಾರಂತ ಹೇಳಿದೆ. ಹುಲಗೆಮ್ಮ ಕೇಳಿದಳು.

"ನಿಮ್ಮ ಮಿಷನ್‌ಗೆ ಗೊತ್ತಿತ್ತೇನವ್ವಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು" ಅಂದೆ.

"ಮತ್ಯಾಕ ಹೇಳಲಿಲ್ಲ?"

ಹೇಳಬ್ಯಾಡ ಅಂತ ನಾನೇ ಸಹಿ ಹಾಕಿದ್ದೆ ಅನ್ನಲಾ… ಎದ್ದು ಬಂದುಬಿಟ್ಟೆ. ನಾಚಿಕೆಗೇಡು.

೨೨ ಜನವರಿ, ಸೋಮವಾರ

ನಾನು ದೇವದುರ್ಗದಲ್ಲಿದ್ದಾಗಲೇ ಇಲ್ಲಿ ರಿಪೋರ್ಟ್ ತಯಾರಾಗಿತ್ತು. 'ಆಪರೇಟರ್ ಸೆನ್ಸರ್ ವೈರ್ ಕಿತ್ತಿದ್ದರಿಂದ ಎಚ್ಚರಿಕೆ ಬಂದಿಲ್ಲ.' ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ವೈರ್ ಬೆಂಕಿಗೆ ಸುಟ್ಟದ ಸರ್. ಯಾರೂ ಕಿತ್ತಿಲ್ಲ. ಪ್ಯಾನಲ್ ಲಾಗ್ ನನ್ನ ಹತ್ರ ಅದ."

ಹಂಪಣ್ಣ ಸರ್ ಬಾಗಿಲು ಮುಚ್ಚಿದರು. "ಅಂಬಿಕಾ, ನೂರಾ ಹತ್ತು ಮಂದಿ ಕೆಲಸ ಮಾಡ್ತಾರ ಇಲ್ಲಿ. ಅವನಿಗೇನು ಜೈಲಾಗಂಗಿಲ್ಲ. ಈ ಮಿಲ್ ಬಿಟ್ರ ಇನ್ನೊಂದು ಮಿಲ್."

"ವೈರ್ ಕಿತ್ತವ ಅಂತ ಹೆಸರು ಬಂದ್ರ ಯಾವ ಮಿಲ್‌ನವರು ಕರೀತಾರ?"

"ಮಿತಿ ಬದಲಿಸಿದ ಹಾಳಿ ಮ್ಯಾಲೆ ಸಹಿ ಯಾರದು, ನೆನಪದ ಏನು?"

ನೆನಪದ. ಅದೇ ಅಲ್ಲವೇ ಎದೆ ಮೇಲೆ ಕೂತಿರೋದು.

ಸಹಿ ಹಾಕಲಿಲ್ಲ. ನನ್ನ ರಿಪೋರ್ಟ್ ನಾನೇ ಬರೆದೆ. ಎರಡು ಪುಟ. ಲಾಗ್ ಹಚ್ಚಿದೆ. ಮಿತಿ ಬದಲಿಸಿದ ಹಾಳೆಯನ್ನೂ ಹಚ್ಚಿದೆ.

೧ ಫೆಬ್ರವರಿ, ಗುರುವಾರ

ಬೆಂಕಿ ವಿಚಾರಣೆ ಮಾಡೋ ಸರ್ಕಾರಿ ಆಫೀಸಿಗೆ ಮೂರನೇ ಸಲ. ಮೊದಲ ದಿನ ಕಂಪನಿ ಲೆಟರ್‌ಹೆಡ್ ಬೇಕು ಅಂದ್ರು. ಎರಡನೇ ದಿನ ಸೀಲ್ ಬೇಕು. ಸೀಲ್ ಹಂಪಣ್ಣ ಸರ್ ಬೀರುವಿನಲ್ಲಿ. ಅವರ ವಿರುದ್ಧದ ಕಾಗದಕ್ಕೆ ಅವರದೇ ಸೀಲ್ ಹೆಂಗ ತರಲಿ? ಇವತ್ತು 'ಖಾಸಗಿ ಹೇಳಿಕೆ' ಅಂತ ಮೇಲೆ ಬರೆದು ಕೊಟ್ಟೆ. ತಗೊಂಡ್ರು. ಇದನ್ನ ಮೊದಲನೇ ದಿನವೇ ಹೇಳಿದ್ರ ಏನಾಗತಿತ್ತು.

ವೆರಾಂಡಾದಲ್ಲಿ ನಯೀಮ್, ಅವನ ಹೆಂಡತಿ ಗುಲ್ಫಶಾ. ವೈರ್ ಕಿತ್ತಾನ ಅಂತ ಮಿಲ್‌ನವರು ಅವನನ್ನ ಆಗಲೇ ಕೆಲಸದಿಂದ ಬಿಡಿಸ್ಯಾರ. ಗುಲ್ಫಶಾ ನನ್ನ ಮುಖ ನೋಡಲಿಲ್ಲ. ನಯೀಮ್ ಒಂದೇ ಮಾತು ಕೇಳಿದ.

"ಮೇಡಂ, ನಾನು ವೈರ್ ಮುಟ್ಟಿಲ್ಲ ಅಂತ ನಿಮಗ ಗೊತ್ತದಲ್ರಿ?"

"ಗೊತ್ತದ."

"ಹಂಗಾದ್ರ ಸಾಕ್ರಿ" ಅಂದ. ಸಾಕಾ? ನನಗಂತೂ ಸಾಕನಿಸಲಿಲ್ಲ.

೧೨ ಫೆಬ್ರವರಿ, ಸೋಮವಾರ. ಮಧ್ಯಾಹ್ನ

ವಿಚಾರಣೆ ಮುಗೀತು. ಲಾಗ್ ಗೋಡೆ ಮೇಲೆ ಹಾಕಿ ತೋರಿಸಿದೆ.

"ಈ ಮಿತಿ ಬದಲಿಸಿದ ಸಹಿ ಯಾರದು?" ಅಧಿಕಾರಿ ಕೇಳಿದರು.

"ನಂದು."

ಹಂಪಣ್ಣ ಸರ್ ಪಕ್ಕದ ಕುರ್ಚಿಯಲ್ಲೇ. ಕನ್ನಡಕ ಒರೆಸುತ್ತಾ ಕೂತಿದ್ದರು.

ಹೊರಗೆ ಬೇವಿನ ಗಿಡದ ಕೆಳಗೆ ಬಂದು ನಿಂತರು. "ನನ್ನ ಹೆಸರು ಹೇಳಲಿಲ್ಲ ನೀನು."

"ನೀವೇ ಹೇಳ್ತೀರಿ ಅಂತ ಕಾದೆ ಸರ್."

ಕಾರ್ ಹತ್ತಿ ಹೋದರು. ನನ್ನನ್ನ ಕರೆದುಕೊಂಡು ಬಂದದ್ದೂ ಅದೇ ಕಾರು. ಆಟೋ ಹಿಡಿದೆ.

೨೬ ಫೆಬ್ರವರಿ, ಸೋಮವಾರ

ಆದೇಶ ಬಂತು. ನಯೀಮ್ ತಪ್ಪಿಲ್ಲ. ಕಂಪನಿ ಹುಲಗೆಮ್ಮಗೆ ಪರಿಹಾರ ಕೊಡಬೇಕು. ಎಲ್ಲಾ ಮಿಷನ್‌ಗೂ ಹಳೆ ಮಿತಿ ವಾಪಸ್ — ಫೋನ್ ಮೇಲೆ ಅಲ್ಲ, ಒಂದೊಂದು ಮಿಲ್‌ಗೂ ಹೋಗಿ, ಮಾಲೀಕರ ಎದುರಿಗೆ.

ನನ್ನ ಹುದ್ದೆ ಹೋಯ್ತು. ಈಗ 'ಸಲಹೆಗಾರ್ತಿ'. ಮಿಲ್‌ಗಳಿಗೆ ಹೋಗೋ ಕೆಲಸ ಯಾರಿಗೆ? ನನಗೇ. ಎರಡನೇ ಸೆನ್ಸರ್? 'ಮುಂದಿನ ವರ್ಷ ನೋಡೋಣ.'

ನಯೀಮ್‌ನನ್ನ ಆ ಮಿಲ್‌ನವರು ವಾಪಸ್ ತಗೊಂಡಿಲ್ಲ. ಮಾನ್ವಿಗೆ ಫೋನ್ ಮಾಡಿದೆ. "ಕಳಸ್ರಿ, ನನಗೂ ಒಬ್ಬ ಬೇಕು" ಅಂದ ಪೀರಾ ಸಾಬ್. ಇಷ್ಟೊಂದು ಕೆಲಸದಾಗ ಒಂದು ಫೋನಿಗೆ ಆದದ್ದು ಇದೊಂದೇ.

ಹುಲಗೆಮ್ಮನ ನೋಡಿ ಬಂದೆ. ಎರಡು ಬೆರಳು ಮಡಚಂಗಿಲ್ಲ. ಅವಳು ಕೇಳಿದ್ದಕ್ಕೆ ಜವಾಬು ಹೇಳಿದೆ, ಸಹಿ ನಂದು ಅಂತ. ಬೈತಾಳ ಅಂದುಕೊಂಡೆ. ಬೈಲಿಲ್ಲ. ಕುಂದ್ರು ಅನ್ನಲೂ ಇಲ್ಲ.

೧೪ ಮಾರ್ಚ್, ಗುರುವಾರ. ಬೆಳಿಗ್ಗೆ ೧೧:೪೦. ಕುರ್ಡಿ

ಅರವತ್ತೆಂಟನೇ ಮಿಲ್. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಮಂಡಾಳ ಒಗ್ಗರಣೆ ತಿಂದದ್ದೇ. ಬಿಸಿಲು ಈಗಲೇ ಹಿಂಗ ಅದ.

ಹೋದ ಕಡೆಯಲ್ಲೆಲ್ಲಾ ಬೈಗುಳ. ಮತ್ತೆ ಒದರತದಲ್ರಿ, ಕಿತ್ತು ಒಯ್ಯಿರಿ ಅಂತಾರ. ಅವರ ಮಾತೂ ಖರೇ. ಇಪ್ಪತ್ತು ಸಲ ಕೂಗಿದ್ರ ಹತ್ತೊಂಬತ್ತು ಸುಳ್ಳು. ಸರಿ ಮಾಡೋದು ಗೊತ್ತದ, ಮಾಡೋಕೆ ಬಿಡವಲ್ಲರು.

ಇಲ್ಲೂ ಹಳೆ ಮಿತಿ ಹಾಕಿ ಕಾಲು ತಾಸು ಆಗಿಲ್ಲ, ಹೂಟರ್ ಶುರು. ಮಾಲೀಕರು ಕಿವಿ ಮುಚ್ಚಿಕೊಂಡು ಬಂದರು.

"ಬಂದ್ ಮಾಡ್ರಿ ಅದನ್ನ! ಲಾರಿ ನಿಂತಾವ ಹೊರಗ."

"ಮಾಡಂಗಿಲ್ರಿ. ಮೊದಲು ಪಕ್ಕದ ಮಿಷನ್ ಎಲ್ಲಾ ನಿಲ್ಲಿಸ್ರಿ."

ಬೈಯುತ್ತಲೇ ನಿಲ್ಲಿಸಿದರು. ಒಂದೊಂದೇ ಬಂದ್ ಆದವು. ಪಾಲಿಶರ್ ನಿಂತಿತು. ಜರಡಿ ನಿಂತಿತು. ನಮ್ಮ ಕಿವಿ ಕೂತಿರೋ, ಭತ್ತ ಮೇಲೆ ಏರಿಸೋ ಎಲಿವೇಟರ್ ಒಂದೇ ತಿರುಗಾಕತ್ತದ.

ಹೂಟರ್ ನಿಂತಿಲ್ಲ.

ಇನ್ನೂ ಕೂಗಾಕತ್ತದ. ಎಲಿವೇಟರೂ ಬಂದ್ ಮಾಡ್ರಿ, ಕವರ್ ಬಿಚ್ಚರಿ ಅಂದೆ. ಟೈಮ್ ಬರೆದುಕೊಳ್ಳಬೇಕು — ೧೧:೪೩. ಯಾರೋ ಬೇರಿಂಗ್ ಮೇಲೆ ಕೈ ಇಟ್ಟು, 'ಸುಡತದ!' ಅಂತ ಹಿಂದಕ್ಕೆ ಎಳೆದುಕೊಂಡ.